ಊಟ ಆಯ್ತಾ, ಹಾಂಗ್‌ಕಾಂಗ್?

ಬೆಂಗಳೂರಲ್ಲಿದ್ದಾಗ ನಂಗೊಂದು ಸಿಟ್ಟಿತ್ತು. ನಮ್ಮ ಟೀಮಿನ ಪರಭಾಷಿಕರು ಐದು ವರ್ಷ ಇದ್ರೂ 'ಕನ್ನಡ್ ಗೊತ್ತಿಲ್ಲ' ಬಿಟ್ಟು ಬೇರೇನೂ ಕಲಿತಿಲ್ಲವಲ್ಲ ಅಂತ. ಈಗ ಪ್ರಾಜೆಕ್ಟ್ ನೆಪದಲ್ಲಿ ಹಾಂಗ್‌ಕಾಂಗಿಗೆ ಬಂದು ಎಂಟು ತಿಂಗಳಾಯ್ತು. ಮೊದಲ ಆರು ತಿಂಗಳು ನಾನು ಮಾಡಿದ್ದೂ ಅದನ್ನೇ! ಇಂಗ್ಲಿಷಲ್ಲಿ ನಡೀತಿತ್ತಲ್ಲ...

ಕೊನೆಗೆ ನಾಚಿಕೆಯಾಗಿ ಒಂದು ಚೀನೀ ಪುಸ್ತಕ ತಂದೆ. ಅದು ಮ್ಯಾಂಡರಿನ್. ಅದರಲ್ಲಿ ನೋಡೋದಕ್ಕೆ 'ಖಾನ್'. ಇಲ್ಲಿಯವರ ಬಾಯಲ್ಲಿ ಅದು 'ತೈ'. ತಿನ್ನೋದು 'ಸಿಕ್', ಕುಡಿಯೋದು 'ಯಮ್', ನಡೆಯೋದು 'ಹಾಂಗ್'. ಪುಸ್ತಕದಲ್ಲಿ 'ನಡೆ' ಅನ್ನೋ ಅಕ್ಷರಕ್ಕೆ ಕ್ಯಾಂಟನೀಸ್ ಮಾತಿನಲ್ಲಿ 'ಹೊರಡು' ಅಂತ ಅರ್ಥ! ಇಲ್ಲಿನ ಮಕ್ಕಳೂ ಶಾಲೆಯಲ್ಲಿ ಬರೆಯೋದು ಒಂದು ಥರ, ಮನೆಯಲ್ಲಿ ಆಡೋದು ಇನ್ನೊಂದು ಥರ. ನಮಗಿದು ಹೊಸದೇನಲ್ಲ ಬಿಡಿ, 'ಹೋಗುತ್ತೇನೆ' ಅಂತ ಬರೆದು 'ಹೋಗ್ತೀನಿ' ಅನ್ನೋರು ನಾವು. ಆದರೆ ಇವರಿಗೆ ಎಷ್ಟೋ ಕಡೆ ಪದವೇ ಬೇರೆ.

ನಂಗೆ ನಿಜವಾಗಿ ಕಲಿಸಿದ್ದು ಆಫೀಸ್ ಕ್ಲೀನ್ ಮಾಡೋಕೆ ಬರೋ ವಯಸ್ಸಾದ ಹೆಂಗಸು. ದಿನಾ ಮಧ್ಯಾಹ್ನ ಕೇಳೋರು, "ಸಿಕ್ ಜೊ ಫಾನ್ ಮೇ ಆ?" 'ಸಿಕ್' ತಿನ್ನು, 'ಜೊ' ಆಯ್ತು, 'ಫಾನ್' ಅನ್ನ, 'ಮೇ' ಇನ್ನೂ ಇಲ್ವಾ. ಅಂದ್ರೆ ನಮ್ಮ 'ಊಟ ಆಯ್ತಾ?'!! ಅರ್ಥವಾದ ದಿನ ಮನೆ ನೆನಪಾಯ್ತು. ಮಿನಿಬಸ್ಸಿಂದ ಇಳಿಯೋಕೆ ಕೂಗೋ 'ಯೌ ಲೋಕ್' ಕಲಿಸಿದ್ದೂ ಅವರೇ. ನಂಗದು 'ಯಾವ ಲೋಕ' ಅಂತಲೇ ಕೇಳ್ಸೋದು :) ಆರು ಸ್ವರಗಳಲ್ಲಿ ನಾನು ನಾಲ್ಕನ್ನಾದ್ರೂ ಕೆಡಿಸ್ತೀನಿ. ಅವರು ನಗ್ತಾರೆ, ತಿದ್ದುತ್ತಾರೆ, ಮತ್ತೆ ಹೇಳಿಸ್ತಾರೆ.

ನಾನು ಅಲ್ಲಿ ಏನು ಮಾಡಿದ್ದೆ? ಪಕ್ಕದ ಸೀಟಿನ ಹುಡುಗ ಒಮ್ಮೆ "ನಾನು ನೀರು ತಿಂದೆ" ಅಂದಾಗ ಎಲ್ಲರೂ ಸೇರಿ ನಕ್ಕೆವು. 'ಕುಡಿದೆ' ಅನ್ನಬೇಕು ಅಂತ ಒಬ್ಬರೂ ಹೇಳಲಿಲ್ಲ. ಅವನು ಮತ್ತೆ ಕನ್ನಡ ಮಾತಾಡಲಿಲ್ಲ. 'ಕಲಿಯಲ್ಲ' ಅಂತ ಬೈದೋನು ನಾನೇ!

ಅದಕ್ಕೇ ಅನ್ಸೋದು, ಹೊಸಬರಿಗೆ ವರ್ಣಮಾಲೆ ಆಮೇಲೆ. ಮೊದಲು ಬಾ, ಹೋಗು, ತಿನ್ನು, ಕುಡಿ, ಇಳಿ, ಕೊಡು... ದಿನದ ಇಂಥ ಹತ್ತು ಕೆಲಸದ ಮಾತು ಕೊಡೋಣ. ತಪ್ಪಿದರೆ ಇಂಗ್ಲಿಷಿಗೆ ಜಾರದೆ ತಿದ್ದೋಣ. ಏನಂತೀರಿ?

ಅಂದಹಾಗೆ, ನಿಮ್ದು ಊಟ ಆಯ್ತಾ?