ಚೀಲದೊಳಗಿನ ದೋಣಿ

ದೋಣಿಯೆಂದರೆ ನೀರಿನ ದಡದಲ್ಲಿ ಕಟ್ಟಿಹಾಕಿರತಕ್ಕ ವಸ್ತುವೆಂದೇ ನಾನು ಈವರೆಗೆ ತಿಳಿದಿದ್ದೆನು. ಈ ಸಲದ ಆಷಾಢದಲ್ಲಿ ನಮ್ಮ ಅಣ್ಣನ ಮಗನು ಬೆಂಗಳೂರಿನಿಂದ ಮಾರ್ಟಳ್ಳಿಗೆ ಬರುವಾಗ ಅದನ್ನು ಬೆನ್ನಿನ ಚೀಲದಲ್ಲಿಟ್ಟು ಬಸ್ಸಿನಲ್ಲಿ ತಂದನು. ಗಾಳಿ ತುಂಬುವ, ಒಬ್ಬರು ಕೂರುವ ದೋಣಿ. ಕಯಾಕ್ ಎಂದು ಹೆಸರು. ಜಗಲಿಯ ಮೇಲೆ ಬಿಚ್ಚಿ ಹಾಸಿದಾಗ ನೆರೆಮನೆಯವರು ಹಾಸಿಗೆಯೆಂದರು.

“ಚಿಕ್ಕಪ್ಪ, ಇವತ್ತು ಕೆರೆಯಲ್ಲಿ ಬಿಟ್ಟು ನೋಡೋಣ, ಸರಿಹೋದರೆ ನಾಳೆ ಕಾವೇರಿಗೆ” ಎಂದನು. ಅತ್ತಿಗೆಯವರು ಮಾತಾಡದೆ ನನ್ನ ಮುಖವನ್ನು ನೋಡಿದರು. ಅಣ್ಣನು ತೀರಿಕೊಂಡಂದಿನಿಂದ ಇಂಥ ಪ್ರಶ್ನೆಗಳೆಲ್ಲ ನನ್ನ ಬಳಿಗೇ ಬರುತ್ತವೆ. ಕೆರೆಗೆ ಒಪ್ಪಿದೆನು, ಕಾವೇರಿಯ ಮಾತಿಗೆ “ನೋಡೋಣ” ಎಂದೆನು. ಈ “ನೋಡೋಣ” ಎಂಬುದು ಹಿರಿಯರ ಹೇಡಿತನದ ಮಾತು. ಮಕ್ಕಳು ಅದನ್ನು ಒಪ್ಪಿಗೆಯೆಂದೇ ಲೆಕ್ಕಕ್ಕೆ ಹಿಡಿಯುವರು.

ಕೆರೆಯಲ್ಲಿ ಆಗ ಅರ್ಧದಷ್ಟು ನೀರಿದ್ದಿತು. ದಡದಲ್ಲಿ ಹರಿಗೋಲನ್ನು ಬೋರಲು ಹಾಕಿಕೊಂಡು ಮುದುಕರೊಬ್ಬರು ಬಲೆ ಸರಿಮಾಡುತ್ತಿದ್ದರು. ಪ್ರಾಯದಲ್ಲಿ ಹೊಗೇನಕಲ್ಲಿನಲ್ಲಿ ಜನರನ್ನು ದಾಟಿಸಿದವರು. ನಮ್ಮ ಕಡೆ ತಮಿಳೂ ಕನ್ನಡವೂ ಒಂದೇ ಮನೆಯಲ್ಲಿರುವುದರಿಂದ ಅವರ ಬಾಯಲ್ಲಿ ಹರಿಗೋಲು ಒಮ್ಮೆ ಪರಿಸಲ್, ಒಮ್ಮೆ ತೆಪ್ಪ.

ಹುಡುಗನು ಕಾಲಿನಿಂದ ತುಳಿಯುವ ಪಂಪಿನಿಂದ ಗಾಳಿ ತುಂಬಿದನು. ಎರಡು ಪಕ್ಕಕ್ಕೂ ತಳಕ್ಕೂ ಬೇರೆ ಬೇರೆ ಕೋಶಗಳು. ಒಂದಕ್ಕೆ ಮುಳ್ಳು ತಗುಲಿದರೂ ಉಳಿದೆರಡು ತೇಲಿಸುವುವು. ಬಿಸಿಲಿನಲ್ಲಿ ಬಿಗಿಯಾಗಿದ್ದ ಕೋಶಗಳು ತಣ್ಣೀರಿಗಿಳಿದೊಡನೆ ಮೆತ್ತಗಾದುವು. ಒಳಗಿನ ಗಾಳಿ ಕುಗ್ಗಿದ್ದೇ ಕಾರಣವಾದ್ದರಿಂದ ಇನ್ನಷ್ಟು ತುಂಬಬೇಕಾಯಿತು. ಹಾಗೆ ತುಂಬಿದ ದೋಣಿಯನ್ನು ಮರಳಿ ಬಿಸಿಲಿಗೆಳೆದು ಬಿಟ್ಟರೆ ಗಾಳಿ ಹಿಗ್ಗಿ ಹೊಲಿಗೆ ಬಿಡುವ ಭಯವುಂಟು. ಸ್ವಲ್ಪ ಹೊರಕ್ಕೆ ಬಿಡತಕ್ಕದ್ದು. ತೇಲುವ ಅಂಗಿಯನ್ನು ತೊಡಲು ಹುಡುಗನಿಗೆ ನಾಚಿಕೆ. ತೊಡದಿದ್ದರೆ ದೋಣಿಯನ್ನು ಮಡಿಸು ಎಂದೆನು, ತೊಟ್ಟನು.

ನಿಂತು ಹತ್ತಬಾರದೆಂದು ಅವನು ಓದಿಕೊಂಡಿದ್ದನು. ಮೊಣಕಾಲಾಳದ ನೀರಿನಲ್ಲಿ ಮೊದಲು ಕುಳಿತು, ಆಮೇಲೆ ಕಾಲುಗಳನ್ನು ಒಳಗೆಳೆದುಕೊಂಡು, ಎರಡು ತುದಿಗೂ ಅಲಗುಳ್ಳ ಹುಟ್ಟನ್ನು ಗಂಭೀರವಾಗಿ ಬೀಸಿದನು. ಬಲಕ್ಕೆ ಹಾಕಿದರೆ ದೋಣಿ ಎಡಕ್ಕೆ ತಿರುಗಿತು. ಸರಿಪಡಿಸಲು ಎಡಕ್ಕೆ ಹಾಕಿದರೆ ಒಂದು ಸುತ್ತನ್ನೇ ಸುತ್ತಿತು. ಮುಂದಕ್ಕೆ ಹೋದದ್ದು ಹತ್ತು ಮಾರು, ತಿರುಗಿದ್ದಕ್ಕೆ ಲೆಕ್ಕವಿಲ್ಲ. ದಡದ ಮೇಲಿನ ಹುಡುಗರಿಗೆ ಹಬ್ಬವಾಯಿತು.

“ಇದಕ್ಕೂ ನಮ್ಮ ಪರಿಸಲಿನ ಬುದ್ಧಿಯೇ ಬಂದದಲ್ಲಾ ಸ್ವಾಮಿ!” ಎಂದರು ಮುದುಕರು.

ಅವರ ಮಾತಿನಲ್ಲಿ ತಿಳಿಯದೆಯೇ ಒಂದು ನೆಂಟಸ್ತನವಿದ್ದಿತು. ಉತ್ತರ ಧ್ರುವದ ಕಡೆಯ ಇನ್ಯುಯಿಟ್ ಜನರು ಮರದ, ಎಲುಬಿನ ಚೌಕಟ್ಟಿಗೆ ಸೀಲ್ ಪ್ರಾಣಿಯ ಚರ್ಮವನ್ನು ಹೊದಿಸಿ ಕಯಾಕನ್ನು ಮಾಡಿದರು. ನಮ್ಮವರು ಬಿದಿರಿನ ಬುಟ್ಟಿಗೆ ಚರ್ಮವನ್ನು ಹೊದಿಸಿ ಹರಿಗೋಲನ್ನು ಮಾಡಿದರು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದ ಪೋರ್ಚುಗೀಸನಾದ ದೊಮಿಂಗೊ ಪಾಯೆಸನು ಆನೆಗೊಂದಿಯ ಕಡವಿನಲ್ಲಿ ಈ ಬುಟ್ಟಿದೋಣಿಗಳನ್ನು ಕಂಡು, ಇವು ನೇರವಾಗಿ ಹೋಗದೆ ಸುತ್ತುತ್ತಲೇ ಇರುವುವೆಂದು ಬರೆದಿಟ್ಟಿದ್ದಾನೆ. ಈಗ ಚರ್ಮದ ಬದಲು ಪ್ಲಾಸ್ಟಿಕ್ ಹಾಳೆಯೂ ಡಾಂಬರೂ ಬಂದಿವೆ. ಹೊತ್ತೊಯ್ಯುವುದೂ ಹೊಸತಲ್ಲ: ಹೊಳೆಯ ಕೆಳಗೆ ತೇಲಿಹೋದ ಹರಿಗೋಲನ್ನು ಅಂಬಿಗನು ತಲೆಯ ಮೇಲೆ ಕವುಚಿಕೊಂಡು ದಡದಲ್ಲಿ ನಡೆದು ಬರುವುದು ಹಳೆಯ ಪದ್ಧತಿಯೇ. ಮಡಿಸುವ ಕಯಾಕನ್ನಾದರೂ ಜರ್ಮನಿಯವರು 20ನೆಯ ಶತಮಾನದ ಆರಂಭದಲ್ಲಿಯೇ ತಯಾರಿಸತೊಡಗಿದ್ದರು. ಅಂಥದೊಂದರಲ್ಲಿ 1932ರಲ್ಲಿ ಹೊರಟ ಆಸ್ಕರ್ ಸ್ಪೆಕ್ ಎಂಬವನು ನಮ್ಮ ಪಶ್ಚಿಮ ಕರಾವಳಿಯನ್ನೂ ಹಾದು, 1939ರಲ್ಲಿ ಆಸ್ಟ್ರೇಲಿಯದ ದ್ವೀಪವೊಂದನ್ನು ಮುಟ್ಟಿದನು. ನಮ್ಮ ಹುಡುಗನು ಹತ್ತು ಮಾರಿನಲ್ಲಿದ್ದನು.

ದೋಷವು ಚೀಲದ ತಳದಲ್ಲಿ ಸಿಕ್ಕಿತು. ಮೀನಿನ ಈಜುರೆಕ್ಕೆಯಂಥ ಅಂಗೈಯಗಲದ ಹಲಗೆಯೊಂದು ಅಲ್ಲಿ ಬಿದ್ದಿದ್ದಿತು. ದೋಣಿಯ ಹಿಂಭಾಗದ ಅಡಿಗೆ ಸಿಕ್ಕಿಸತಕ್ಕದ್ದು. ಸಿಕ್ಕಿಸಿದೆವು. ದೋಣಿ ಗೆರೆ ಎಳೆದಂತೆ ಹೋಯಿತು. ಎದುರು ದಡವನ್ನು ಮುಟ್ಟಿ ಬಂದವನ ಮುಖವನ್ನು ನೋಡಿ ನನಗೂ ಸಂತೋಷವಾಯಿತೆಂಬುದನ್ನು ಮುಚ್ಚಿಡಲಾರೆನು.

“ತಾತ, ನಾಳೆ ಕಾವೇರಿಗೆ ಹೋಗಬಹುದಲ್ಲ?” ಎಂದು ಅವನು ನನ್ನನ್ನು ಬಿಟ್ಟು ಮುದುಕರನ್ನೇ ಕೇಳಿದನು.

ಅವರು ಆ ಹಲಗೆಯನ್ನು ಬೆರಳಿನಿಂದ ತಟ್ಟಿದರು. “ಕೆರೆಗೆ ಇದು ಬೇಕು ಕೂಸೇ. ಅಲ್ಲಿ ನೀರಿನಡಿ ಬಂಡೆ ಅವೆ. ಇದು ಸಿಕ್ಕಿಕೊಂಡರೆ ದೋಣಿ ನಿಲ್ಲುತ್ತದೆ, ನೀರು ನಿಲ್ಲಲ್ಲ. ನಮ್ಮದಕ್ಕೆ ಅಡಿಯಲ್ಲಿ ಏನೂ ಇಲ್ಲ. ಬಂಡೆಗೆ ತಗುಲಿದರೆ ಸುತ್ತಿಕೊಂಡು ಆಚೆ ಹೋಯ್ತದೆ.”

ಸುತ್ತುವುದು ಹರಿಗೋಲಿನ ಕುಂದೆಂದು ನಾನೂ ಪಾಯೆಸನಂತೆಯೇ ತಿಳಿದಿದ್ದೆನು.

ಅವರು ಇನ್ನೂ ಹೇಳಿದರು: ಇಲ್ಲಿ ಹನಿ ಮಳೆಯಿಲ್ಲದಿದ್ದರೂ ಮೇಲೆ ಕಬಿನಿ, ಕನ್ನಂಬಾಡಿಗಳ ಬಾಗಿಲು ತೆರೆದರೆ ಹೊಳೆ ಏರುವುದು, ಹಾಗೆ ಏರಿದ ದಿನ ಹೊಗೇನಕಲ್ಲಿನಲ್ಲಿ ನುರಿತ ಅಂಬಿಗರನ್ನೂ ಇಳಿಯಗೊಡುವುದಿಲ್ಲ, ಮಡುಗಳಲ್ಲಿ ಮೊಸಳೆಗಳಿವೆ. ಇಷ್ಟರ ಮೇಲೆ ದಡವು ವನ್ಯಜೀವಿಧಾಮ. ಅರಣ್ಯ ಇಲಾಖೆಯ ಅಪ್ಪಣೆಯೂ ಬೇಕು. ನನ್ನ “ನೋಡೋಣ”ದ ಭಾರವನ್ನು ಪರರೊಬ್ಬರು ಹೊತ್ತರೆಂದು ಒಂದು ಕ್ಷಣ ಹಗುರವಾಯಿತು. ಒಡನೆಯೇ ನಾಚಿಕೆಯೂ ಆಯಿತು. “ಬೇಡ, ಈ ಸಲ ಬೇಡ” ಎಂದು ನಾನೇ ಬಾಯಿಬಿಟ್ಟು ಹೇಳಿದೆನು.

ಅವನು ಮುಖವನ್ನು ಊದಿಸಿಕೊಂಡನು. ಆದರೆ ಮುದುಕರು ಹರಿಗೋಲನ್ನು ನೀರಿಗೆ ನೂಕಿ, “ಬಾ, ಇದನ್ನು ನೆಟ್ಟಗೆ ಬಿಡು ನೋಡುವಾ” ಎಂದಾಗ ಹತ್ತಿದನು. ಮುಂದುಗಡೆ ಕುಳಿತು ನೀರನ್ನು ತನ್ನೆಡೆಗೆ ಸೆಳೆದುಕೊಳ್ಳಬೇಕಂತೆ. ಸಂಜೆಯವರೆಗೆ ಸುತ್ತಿದನು.

ಮನೆಯಲ್ಲಿ ಕಯಾಕನ್ನು ನೆರಳಿನಲ್ಲಿ ಒಣಗಿಸಿ ಮಡಿಸಿದೆವು. ನಾಲ್ಕು ಮಂದಿ ಸೇರಿ ಅದುಮಿದರೂ ಅದು ತಾನು ಬಂದ ಚೀಲದೊಳಕ್ಕೆ ಹಿಡಿಸಲಿಲ್ಲ. ಕೊನೆಗೆ ಅತ್ತಿಗೆಯವರು ರಾಗಿಯ ಮೂಟೆಯೊಂದನ್ನು ಬರಿದುಮಾಡಿ ಕೊಟ್ಟರು.