ಪಟ್ಟಿಗೆ ಹೆಸರು ಸೇರಿಸುವವರ ಹೊಣೆ

1992ರ ಏಪ್ರಿಲ್ 8ರಂದು ಟೆನಿಸ್ ಆಟಗಾರ ಆರ್ಥರ್ ಆ್ಯಶ್ ನ್ಯೂಯಾರ್ಕಿನಲ್ಲಿ ಪತ್ರಕರ್ತರನ್ನು ಕರೆದು ತಮಗೆ ಏಡ್ಸ್ ಇದೆಯೆಂದು ತಿಳಿಸಿದರು. ಹೃದಯದ ಶಸ್ತ್ರಚಿಕಿತ್ಸೆಯ ಕಾಲದಲ್ಲಿ ಪಡೆದ ರಕ್ತದಿಂದ ತಗಲಿದ ಸೋಂಕು ಅವರಿಗೆ ಗೊತ್ತಾದದ್ದು 1988ರಲ್ಲಿ. ಅಂದಿನಿಂದ ಪತ್ನಿ, ವೈದ್ಯರು, ಕೆಲವೇ ಆಪ್ತರು ಆ ವಿಷಯವನ್ನು ಕಾಪಾಡಿಕೊಂಡು ಬಂದಿದ್ದರು. ಯುಎಸ್ಎ ಟುಡೇ ಪತ್ರಿಕೆ ಸುದ್ದಿಯನ್ನು ಖಚಿತಪಡಿಸಿಕೊಳ್ಳಲು ಅವರನ್ನೇ ಕೇಳಿದ ಮೇಲೆ ಮೌನಕ್ಕೆ ದಾರಿ ಉಳಿಯಲಿಲ್ಲ. ಐದು ವರ್ಷದ ಮಗಳ ಪ್ರಸ್ತಾಪ ಬಂದಾಗ ಗಂಟಲು ಕಟ್ಟಿ, ಹೇಳಿಕೆಯ ಆ ಭಾಗವನ್ನು ಪತ್ನಿ ಓದಬೇಕಾಯಿತು. ಹತ್ತು ತಿಂಗಳ ನಂತರ ಆ್ಯಶ್ ತೀರಿಕೊಂಡರು.

ಪತ್ರಿಕೆಯ ಕೈಯಲ್ಲಿದ್ದ ಸುದ್ದಿ ಸುಳ್ಳಾಗಿರಲಿಲ್ಲ. ಎಚ್‌ಐವಿಯೊಡನೆ ಬದುಕುತ್ತಿರುವ ಖ್ಯಾತನಾಮರ ಪಟ್ಟಿ ಮಾಡಹೊರಡುವವರು ಮೊದಲು ನೆನೆಯಬೇಕಾದದ್ದು ಇದನ್ನೇ. ಆಕರವನ್ನು ಪರಿಶೀಲಿಸುವುದೆಂದರೆ ‘ಇದು ನಿಜವೇ?’ ಎಂದು ಕೇಳುವುದಷ್ಟೇ ಅಲ್ಲ, ‘ಇದನ್ನು ಲೋಕಕ್ಕೆ ಕೊಟ್ಟವರು ಯಾರು?’ ಎಂದು ಕೇಳುವುದೂ ಹೌದು. ಮೊದಲ ಪ್ರಶ್ನೆಗೆ ಉತ್ತರ ಸಿಕ್ಕೊಡನೆ ಎರಡನೆಯದನ್ನು ಮರೆಯುವುದು ಸತ್ಯನಿಷ್ಠೆಯಲ್ಲ. ಕದ್ದ ಮಾಲಿಗೆ ರಸೀದಿ ಬರೆಯುವುದು.

ಪ್ರತಿ ಡಿಸೆಂಬರ್ 1ರ ಆಸುಪಾಸಿನಲ್ಲಿ ಇಂಥ ಪಟ್ಟಿಗಳು ಮತ್ತೆ ಚಲಾವಣೆಗೆ ಬರುತ್ತವೆ. ನಟರು, ಆಟಗಾರರು, ಲೇಖಕರು, ಗಾಯಕರು. ಹೆಸರಿನ ಪಕ್ಕದಲ್ಲಿ ಒಂದು ವರ್ಷ, ಒಂದು ಸಾಲಿನ ವಿವರ. ಹಂಚುವವರಲ್ಲಿ ಹೆಚ್ಚಿನವರು ಹಗೆಯಿಂದ ಹಂಚುವುದಿಲ್ಲ. ಕಳಂಕವನ್ನು ಅಳಿಸಬೇಕು, ಸೋಂಕು ಯಾರಿಗೂ ಬರಬಹುದೆಂದು ತೋರಿಸಬೇಕು ಎಂಬುದು ಅವರ ಆಶಯ. ಆಶಯ ಒಳ್ಳೆಯದು. ಆದರೆ ಒಳ್ಳೆಯ ಆಶಯವು ಸಾಕ್ಷ್ಯದ ಸ್ಥಾನದಲ್ಲಿ ಕುಳಿತುಬಿಟ್ಟಾಗ ಏನಾಗುತ್ತದೆಂಬುದಕ್ಕೆ ಗೆಟಾನ್ ಡ್ಯುಗಾಸ್ ಹೆಸರು ಸಾಕು.

ಡ್ಯುಗಾಸ್ ಕೆನಡಾದ ವಿಮಾನ ಪರಿಚಾರಕ. ಅಮೆರಿಕದ ರೋಗನಿಯಂತ್ರಣ ಕೇಂದ್ರದ ಸಂಶೋಧಕರು ಲೈಂಗಿಕ ಸಂಪರ್ಕಗಳ ಜಾಲವನ್ನು ಅಭ್ಯಸಿಸುವಾಗ ಅವನನ್ನು ಗುರುತಿಸಲು ಬಳಸಿದ್ದು ಇಂಗ್ಲಿಷಿನ ‘ಓ’ ಅಕ್ಷರ. ಕ್ಯಾಲಿಫೋರ್ನಿಯಾದ ಹೊರಗಿನವನು ಎಂಬುದಷ್ಟೇ ಅದರ ಅರ್ಥ. ಕೈಯಿಂದ ಕೈಗೆ ಸಾಗುವಾಗ ಆ ಅಕ್ಷರ ಸೊನ್ನೆಯಾಯಿತು, ಸೊನ್ನೆ ‘ಮೊದಲಿಗ’ನಾಯಿತು. 1987ರಲ್ಲಿ ರ‍್ಯಾಂಡಿ ಶಿಲ್ಟ್ಸ್ ತಮ್ಮ ಪುಸ್ತಕದಲ್ಲಿ ಅವನ ಹೆಸರನ್ನು ಬಯಲಿಗಿಟ್ಟರು. ಪತ್ರಿಕೆಗಳು ಅವನನ್ನು ಅಮೆರಿಕಕ್ಕೆ ಏಡ್ಸ್ ತಂದವನೆಂದು ಕರೆದವು. ಆ ವೇಳೆಗೆ ಅವನು ತೀರಿಕೊಂಡು ಮೂರು ವರ್ಷ ಕಳೆದಿತ್ತು. ಉತ್ತರ ಕೊಡಲು ಅವನಿರಲಿಲ್ಲ. 2016ರಲ್ಲಿ ಹಳೆಯ ರಕ್ತಮಾದರಿಗಳ ವಂಶವಾಹಿ ಅಧ್ಯಯನವು, ವೈರಾಣು 1970ರ ಸುಮಾರಿಗೇ ನ್ಯೂಯಾರ್ಕ್ ತಲುಪಿತ್ತೆಂದೂ ಅದನ್ನು ಡ್ಯುಗಾಸ್ ತಂದನೆನ್ನಲು ಆಧಾರವಿಲ್ಲವೆಂದೂ ತೋರಿಸಿತು. ಸಂಶೋಧಕರಿಗೆ ಸಹಕರಿಸಿ, ತನ್ನ ಸಂಗಾತಿಗಳ ಹೆಸರುಗಳನ್ನು ನೆನಪಿಸಿಕೊಂಡು ಹೇಳಿದ್ದ ಮನುಷ್ಯ ಸುಮಾರು 30 ವರ್ಷ ಆರೋಪಿಯಾಗಿ ಉಳಿದ.

ಶಿಲ್ಟ್ಸ್ ರೋಗಿಗಳ ಶತ್ರುವಾಗಿರಲಿಲ್ಲ. ಸರ್ಕಾರದ ನಿರ್ಲಕ್ಷ್ಯವನ್ನು ಅವರಷ್ಟು ಹಟದಿಂದ ಬಯಲಿಗೆಳೆದ ಪತ್ರಕರ್ತರು ವಿರಳ. ಸ್ವತಃ ಸಲಿಂಗಿಯಾಗಿದ್ದ ಅವರು 1994ರಲ್ಲಿ ಇದೇ ರೋಗದಿಂದ ತೀರಿಕೊಂಡರು. ನ್ಯಾಯದ ಪಕ್ಷದಲ್ಲಿದ್ದವರ ಕೈಯಿಂದಲೇ ಈ ಅನ್ಯಾಯ ನಡೆಯಿತು. ಪ್ರಗತಿಪರರೆಂದು ಕರೆದುಕೊಳ್ಳುವವರು ಈ ಪಾಠವನ್ನು ಬೇರೆ ಯಾರಿಗೋ ಮೀಸಲೆಂದು ತಿಳಿಯಬಾರದು.

ಪಟ್ಟಿಕಾರರು ಸಾಮಾನ್ಯವಾಗಿ ಆಧಾರಗಳ ಸಂಖ್ಯೆಯನ್ನು ಮುಂದಿಡುತ್ತಾರೆ: ಹತ್ತು ಪತ್ರಿಕೆಗಳಲ್ಲಿ ಬಂದಿದೆ, ಎರಡು ಜೀವನಚರಿತ್ರೆಗಳಲ್ಲಿದೆ. ಆದರೆ ಹತ್ತೂ ಪತ್ರಿಕೆಗಳು ಒಂದೇ ಗಾಳಿಸುದ್ದಿಯ ಪ್ರತಿಗಳಾಗಿದ್ದರೆ ಅಲ್ಲಿರುವುದು ಒಂದೇ ಆಧಾರ. ಆ ಒಂದು ಹೆಸರಿಲ್ಲದ ‘ಆಪ್ತಮೂಲ’ವಾಗಿದ್ದರೆ ಅದೂ ಇಲ್ಲ. ಪುಸ್ತಕ ಪತ್ರಿಕೆಯನ್ನು, ಪಟ್ಟಿ ಪುಸ್ತಕವನ್ನು, ಮರುವರ್ಷದ ಪತ್ರಿಕೆ ಪಟ್ಟಿಯನ್ನು ನೆಚ್ಚಿಕೊಂಡಾಗ ಸುಳ್ಳು ಒಂದು ಸುತ್ತು ಹಾಕಿ ಪ್ರಮಾಣವಾಗಿ ಮನೆಗೆ ಮರಳುತ್ತದೆ. ಇನ್ನು ಮೈ ಸೊರಗಿದ ಚಿತ್ರ, ನ್ಯುಮೋನಿಯಾದಿಂದ ಸಾವು, ಮದುವೆಯಾಗದ ಬದುಕು ಇವುಗಳಿಂದ ಸೋಂಕನ್ನು ‘ಊಹಿಸುವ’ ಬರಹಗಳಿವೆ. ಅವು ವೈದ್ಯಕೀಯವೂ ಅಲ್ಲ, ಇತಿಹಾಸವೂ ಅಲ್ಲ. ಬೆಂಕಿಯಿಲ್ಲದೆ ಹೊಗೆಯಾಡದು ಎನ್ನುವವರಿಗೆ ಕನ್ನಡದ್ದೇ ಇನ್ನೊಂದು ಗಾದೆ ಉತ್ತರ ಕೊಟ್ಟಿದೆ: ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು.

ಇಲ್ಲಿ ಒಂದು ಜಾಣ ಆಕ್ಷೇಪ ಏಳುತ್ತದೆ. ಎಚ್‌ಐವಿ ನಾಚಿಕೆಗೇಡಿನ ಸಂಗತಿಯಲ್ಲವೆಂದ ಮೇಲೆ ಗುಟ್ಟೇಕೆ? ಮಧುಮೇಹಿಗಳ ಹೆಸರು ಹೇಳಿದಂತೆ ಇದನ್ನೂ ಹೇಳಿದರೇನು ತಪ್ಪು? ತಪ್ಪಿರುವುದು ಲೆಕ್ಕದಲ್ಲಿ. ಕಳಂಕವಿರಬಾರದೆಂಬ ತತ್ವವನ್ನು ಸಾರುವವರು ಒಬ್ಬರು, ಕಳಂಕದ ಬೆಲೆ ತೆರುವವರು ಮತ್ತೊಬ್ಬರು. 1989ರಲ್ಲಿ ಗೋವೆಯ ಡೊಮಿನಿಕ್ ಡಿಸೋಜಾ ರಕ್ತದಾನ ಮಾಡಿದ್ದರಿಂದ ಅವರ ಸೋಂಕು ಪತ್ತೆಯಾಯಿತು. ಅಲ್ಲಿನ ಸಾರ್ವಜನಿಕ ಆರೋಗ್ಯ ಕಾಯಿದೆಯ ಬಲದಿಂದ ಅವರನ್ನು 64 ದಿನ ಒಂಟಿಯಾಗಿ ಕೂಡಿಹಾಕಲಾಯಿತು. ದಕ್ಷಿಣ ಆಫ್ರಿಕಾದ ಗುಗು ದ್ಲಾಮಿನಿ 1998ರ ಡಿಸೆಂಬರಿನಲ್ಲಿ ತಮ್ಮ ಸ್ಥಿತಿಯನ್ನು ತಾವಾಗಿಯೇ ಹೇಳಿಕೊಂಡರು. ಅದೇ ತಿಂಗಳು ಗುಂಪೊಂದರ ಹೊಡೆತಕ್ಕೆ ಪ್ರಾಣತೆತ್ತರು. ಇದೆಲ್ಲ ಹಳೆಯ ಮಾತೆನ್ನುವಂತಿಲ್ಲ. 2019ರ ಜನವರಿಯಲ್ಲಿ ಸಿಂಗಪುರದ ಎಚ್‌ಐವಿ ದಾಖಲೆಗಳಿಂದ 14,200 ಜನರ ವಿವರಗಳು ಸೋರಿಹೋದವು. ಅವರಲ್ಲಿ 8,800 ಮಂದಿ ವಿದೇಶೀಯರು. ಅದೇ ವರ್ಷ ವೇಲ್ಸ್ ರಗ್ಬಿ ತಂಡದ ಮಾಜಿ ನಾಯಕ ಗ್ಯಾರೆತ್ ಥಾಮಸ್, ತಾವು ಹೇಳುವ ಮೊದಲೇ ಪತ್ರಕರ್ತರೊಬ್ಬರು ಹೆತ್ತವರ ಮನೆಬಾಗಿಲಿಗೆ ಹೋಗಿ ವಿಷಯ ತಿಳಿಸಿದರೆಂದು ನೊಂದು ನುಡಿದರು.

ವಲಸೆ ಬದುಕಿನ ಕನ್ನಡಿಗರಿಗೆ ಇದು ದೂರದ ಕಥೆಯಲ್ಲ. ಕರಾವಳಿಯಿಂದ ಕೊಲ್ಲಿ ರಾಷ್ಟ್ರಗಳಿಗೆ ಹೋಗುವ ದುಡಿಮೆಗಾರರಿಗೆ ವಾಸದ ಪರವಾನಗಿಗಾಗಿ ರಕ್ತಪರೀಕ್ಷೆ ಕಡ್ಡಾಯ. ಸೋಂಕು ಕಂಡರೆ ಮರಳಿ ಕಳಿಸುವುದೇ ಅಲ್ಲಿನ ರೂಢಿ. ಅಮೆರಿಕವೂ 2010ರ ಜನವರಿಯವರೆಗೆ ಸೋಂಕಿತ ವಿದೇಶೀಯರಿಗೆ ಬಾಗಿಲು ಮುಚ್ಚಿತ್ತು. ಸಂಘದ ಸಭೆಯಲ್ಲಿ, ಊರಿನ ಗುಂಪಿನಲ್ಲಿ, ‘ಅವರಿಗೂ ಇದೆಯಂತೆ’ ಎಂಬ ಒಂದು ಮಾತು ಕೆಲಸ, ವಾಸ, ಸಂಬಂಧ ಮೂರನ್ನೂ ಒಟ್ಟಿಗೆ ಕಿತ್ತುಕೊಳ್ಳಬಲ್ಲದು. ಖ್ಯಾತರ ವಿಷಯದಲ್ಲಿ ‘ಅಂತೆ’ಯನ್ನು ಒಪ್ಪಿಕೊಳ್ಳುವ ಸಮಾಜ ನೆರೆಯವರ ವಿಷಯದಲ್ಲಿ ಅದನ್ನು ತಿರಸ್ಕರಿಸೀತೆಂದು ನಂಬುವುದು ಹೇಗೆ? ಭಾರತದಲ್ಲಿ 2018ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂದ ಎಚ್‌ಐವಿ ಕಾಯಿದೆ, ವಿಶ್ವಾಸದಲ್ಲಿ ತಿಳಿದುಬಂದ ಇನ್ನೊಬ್ಬರ ಸ್ಥಿತಿಯನ್ನು ಅವರ ಒಪ್ಪಿಗೆಯಿಲ್ಲದೆ ಹೊರಗೆಡಹಬಾರದೆನ್ನುತ್ತದೆ. ಕಾನೂನು ಕಂಡುಕೊಂಡ ಈ ಕನಿಷ್ಠ ವಿವೇಕ ಬರೆಯುವವರಿಗೂ ಇರಬೇಡವೆ?

ಹಾಗಾದರೆ ಪಟ್ಟಿಗಳೇ ಬೇಡವೇ? ಬೇಕು. 1991ರ ನವೆಂಬರಿನಲ್ಲಿ ಬ್ಯಾಸ್ಕೆಟ್‌ಬಾಲ್ ಆಟಗಾರ ಮ್ಯಾಜಿಕ್ ಜಾನ್ಸನ್ ತಾವೇ ಮುಂದೆ ಬಂದು ಹೇಳಿದ್ದು ಲಕ್ಷಾಂತರ ಜನರ ಕಣ್ಣು ತೆರೆಸಿತು. 1999ರಲ್ಲಿ ದಕ್ಷಿಣ ಆಫ್ರಿಕಾದ ನ್ಯಾಯಮೂರ್ತಿ ಎಡ್ವಿನ್ ಕ್ಯಾಮರೂನ್ ಹಾಗೆಯೇ ಮಾತಾಡಿದರು. 2005ರಲ್ಲಿ ನೆಲ್ಸನ್ ಮಂಡೇಲಾ ತಮ್ಮ ಮಗ ಏಡ್ಸ್‌ನಿಂದ ತೀರಿಕೊಂಡನೆಂದು ಅವನು ಸತ್ತ ದಿನವೇ ಜಗತ್ತಿಗೆ ಹೇಳಿದರು. ವಿಜ್ಞಾನ ಲೇಖಕ ಐಸಾಕ್ ಅಸಿಮೋವ್ 1992ರಲ್ಲಿ ತೀರಿಕೊಂಡರು. 1983ರ ಶಸ್ತ್ರಚಿಕಿತ್ಸೆಯ ರಕ್ತದಿಂದ ಅವರಿಗೆ ಸೋಂಕು ತಗಲಿತ್ತೆಂಬುದನ್ನು ಪತ್ನಿ ಜಾನೆಟ್ 2002ರಲ್ಲಿ ಬರೆದರು. ಆ ಹತ್ತು ವರ್ಷ ಅವರ ಹೆಸರಿಲ್ಲದ ಪಟ್ಟಿ ಅಪೂರ್ಣವಾಗಿತ್ತು, ನಿಜ. ಆದರೆ ಅದರಿಂದ ಯಾರಿಗೂ ಕೇಡಾಗಲಿಲ್ಲ. ಬಿಟ್ಟುಹೋದ ಹೆಸರನ್ನು ನಾಳೆ ಸೇರಿಸಬಹುದು. ತಪ್ಪಾಗಿ ಸೇರಿಸಿದ ಹೆಸರನ್ನು ಅಳಿಸಿದರೂ ಜನರ ನಾಲಗೆಯಿಂದ ಅಳಿಸಲಾಗದು.

ನಿಯಮ ಕಠಿಣವೇನಲ್ಲ. ಬದುಕಿರುವವರ ವಿಷಯದಲ್ಲಿ ಅವರದೇ ಸ್ಪಷ್ಟವಾದ ಬಹಿರಂಗ ಹೇಳಿಕೆ ಬೇಕು, ಅದಿಲ್ಲದಿದ್ದರೆ ಹೆಸರಿಲ್ಲ. ತೀರಿಕೊಂಡವರ ವಿಷಯದಲ್ಲಿ ಅವರು ಬಿಟ್ಟುಹೋದ ಮಾತು, ಹತ್ತಿರದವರು ತಮ್ಮ ಹೆಸರಿನಲ್ಲಿ ಕೊಟ್ಟ ಹೇಳಿಕೆ, ಇಲ್ಲವೇ ದಾಖಲೆಯನ್ನು ಓದುಗರ ಮುಂದಿಡುವ ಗಂಭೀರ ಜೀವನಚರಿತ್ರೆ ಬೇಕು. ಬೆದರಿಕೆಗೆ ಸಿಕ್ಕಿ ಬಾಯಿಬಿಟ್ಟವರ ಹೆಸರಿನೊಡನೆ ಆ ಬೆದರಿಕೆಯೂ ದಾಖಲಾಗಬೇಕು. ಸಂಶಯವೆದ್ದರೆ ಮೊದಲು ತೆಗೆಯಬೇಕು, ಚರ್ಚೆ ಆಮೇಲೆ. ಸಾಬೀತುಪಡಿಸುವ ಹೊಣೆ ಯಾವತ್ತೂ ಸೇರಿಸುವವರದು, ಸೇರಿಸಲ್ಪಟ್ಟವರದಲ್ಲ.

ಆ್ಯಶ್ ತಮಗುಳಿದ ಹತ್ತು ತಿಂಗಳನ್ನು ಏಡ್ಸ್ ವಿರುದ್ಧದ ಕೆಲಸಕ್ಕೆ ಕೊಟ್ಟರು, ಪ್ರತಿಷ್ಠಾನ ಕಟ್ಟಿದರು, ವಿಶ್ವಸಂಸ್ಥೆಯಲ್ಲಿ ಮಾತಾಡಿದರು. ಇದನ್ನು ತೋರಿಸಿ, ‘ಬಯಲಾದದ್ದು ಒಳ್ಳೆಯದೇ ಆಯಿತಲ್ಲ’ ಎನ್ನುವವರು ಈಗಲೂ ಇದ್ದಾರೆ. ಆ ಒಳಿತು ಆ್ಯಶ್ ಮಾಡಿದ್ದು. ಬಾಗಿಲು ಒಡೆದವರಿಗೆ ಅದರಲ್ಲಿ ಪಾಲಿಲ್ಲ.