ರಿಸ್ಕ್-ವಿಗೆ ಡೆಬಿಯನ್: ತಕರಾರುಗಳಿಗೆ ಉತ್ತರ

ಲಿನಕ್ಸ್ ವಿತರಣೆಯಾದ ಡೆಬಿಯನ್ನನ್ನು ರಿಸ್ಕ್-ವಿ ಪ್ರೊಸೆಸರಿಗೆ ಪೋರ್ಟ್ ಮಾಡಿದ್ದು ದುಡಿಮೆ ದಂಡ ಎನ್ನುವವರಿದ್ದಾರೆ. ಅವರಲ್ಲಿ ಒಳ್ಳೆಯ ಪ್ರೋಗ್ರಾಮರುಗಳೂ ಇರುವುದರಿಂದ ಉತ್ತರ ಕೊಡಲೇಬೇಕು.

ಅವರ ಮೊದಲ ಮಾತು: ಸೋರ್ಸ್ ಕೋಡ್ ಇದೆ, ಕಂಪೈಲರ್ ಇದೆ, ಇದರಲ್ಲಿ ಕೆಲಸವೆಂಬುದು ಎಲ್ಲಿದೆ? ಇಲ್ಲಿದೆ. ಸಿ ಭಾಷೆಯ ‘ಚಾರ್’ ಇಂಟೆಲ್ ಯಂತ್ರದ ಲಿನಕ್ಸ್‌ನಲ್ಲಿ ಋಣಸಂಖ್ಯೆಯನ್ನೂ ಹಿಡಿಯುತ್ತದೆ. ರಿಸ್ಕ್-ವಿಯಲ್ಲಿ ಅದಕ್ಕೆ 0ಯಿಂದ 255ರವರೆಗೆ ಮಾತ್ರ ಗೊತ್ತು. ಕಡತ ಮುಗಿಯಿತು ಎಂದು ಲೈಬ್ರರಿ ತಿಳಿಸುವುದು −1 ಎಂಬ ಸಂಕೇತದಿಂದ. ಆ −1 ಅನ್ನು ಅವಸರದಲ್ಲಿ ಚಾರ್‌ಗೆ ತುಂಬಿದ ಪ್ರೋಗ್ರಾಂ ರಿಸ್ಕ್-ವಿಯಲ್ಲಿ ಅದನ್ನು 255 ಎಂದು ಓದಿ, ಕೊನೆಯೇ ಸಿಗದೆ ಸುತ್ತುತ್ತಿರುತ್ತದೆ. ಹೊಸ ಚಿಪ್ಪಿನ ರಗಳೆ ಎನ್ನುತ್ತೀರಾ? ಅಲ್ಲ ಸ್ವಾಮಿ. ಅದೇ ಪ್ರೋಗ್ರಾಂ ಇಂಟೆಲ್‌ನಲ್ಲಿ 255 ಎಂಬ ಬೈಟ್ ಕಂಡೊಡನೆ ಕಡತವೇ ಮುಗಿಯಿತೆಂದು ಎದ್ದು ಹೋಗುತ್ತದೆ. ಜೆಪೆಗ್ ಚಿತ್ರದ ಮೊದಲ ಬೈಟೇ 255! ತಪ್ಪು ಮೊದಲಿನಿಂದಲೂ ಅಲ್ಲೇ ಇತ್ತು. ಪೋರ್ಟ್ ಮಾಡುವವರು ಅದನ್ನು ತಿದ್ದಿದರೆ ಲಾಭ ಇಂಟೆಲ್ ಬಳಸುವ ನಿಮಗೂ ಇದೆ.

ರಿಸ್ಕ್-ವಿ ಬೋರ್ಡ್ ಏಕೆ, ಕ್ಯೂಎಮು ಎಮ್ಯುಲೇಟರಿನಲ್ಲೇ ಪರೀಕ್ಷಿಸಬಹುದಲ್ಲ ಎಂಬುದು ಎರಡನೆಯದು. ಬೂಟ್ ಆಗುತ್ತದೆಯೇ ಎಂದು ನೋಡಲು ಸಾಕು, ಒಪ್ಪಿದೆ. ಆದರೆ ಒಂದು ಕೋರ್ ಮೆಮೊರಿಗೆ ಬರೆದದ್ದನ್ನು ಇಂಟೆಲ್ ಉಳಿದ ಕೋರ್‌ಗಳಿಗೆ ಬರೆದ ಕ್ರಮದಲ್ಲೇ ತೋರಿಸುತ್ತದೆ. ರಿಸ್ಕ್-ವಿ ಹಾಗೆಂದು ಮಾತು ಕೊಡುವುದಿಲ್ಲ. ಕ್ರಮ ಬೇಕಾದವರು ‘ಫೆನ್ಸ್’ ಸೂಚನೆ ಹಾಕಬೇಕು. ಫೆನ್ಸ್ ಮರೆತ ಕೋಡ್ ಎಮ್ಯುಲೇಟರಿನಲ್ಲಿ ಸಾಮಾನ್ಯವಾಗಿ ಸಲೀಸಾಗಿ ಓಡುತ್ತದೆ, ಏಕೆಂದರೆ ಅಡಿಯಲ್ಲಿರುವುದು ಇಂಟೆಲ್ಲೇ. ನಿಜವಾದ ಬೋರ್ಡಿನಲ್ಲಿ ಯಾವಾಗಲೋ ಒಮ್ಮೆ, ಕಾರಣ ಹೇಳದೆ, ಮುಗ್ಗರಿಸಬಹುದು.

ಬೋರ್ಡುಗಳು ನಿಧಾನ ಎಂಬ ದೂರು ನಿಜ. ದೊಡ್ಡ ಪ್ಯಾಕೇಜುಗಳ ಬಿಲ್ಡ್ ಕಾಯುವುದು ತಾಳ್ಮೆಯ ಪರೀಕ್ಷೆಯೇ.

ಬಳಸುವವರೇ ಇಲ್ಲವಲ್ಲ ಎನ್ನುವವರು ಲಿನಕ್ಸಿನ ಚರಿತ್ರೆ ಮರೆತಿದ್ದಾರೆ. 1991ರಲ್ಲಿ ಲೀನಸ್ ಟೊರ್ವಾಲ್ಡ್ಸ್ ಅದನ್ನು ಬರೆದದ್ದು ತಮ್ಮ 386 ಯಂತ್ರಕ್ಕೆ; ಬೇರೆಡೆ ಓಡುವಂಥದ್ದಲ್ಲ ಎಂದು ಅವರೇ ಹೇಳಿಕೊಂಡಿದ್ದರು. 1995ರ 1.2 ಆವೃತ್ತಿಯ ಹೊತ್ತಿಗೆ ಆಲ್ಫಾ, ಮಿಪ್ಸ್, ಸ್ಪಾರ್ಕ್‌ಗಳ ಬೆಂಬಲ ಸೇರಿತ್ತು. ಆಲ್ಫಾ ಚಿಪ್ ಮಾರುಕಟ್ಟೆಯಿಂದಲೇ ಮಾಯವಾಯಿತು. ಆದರೆ ಅದಕ್ಕಾಗಿ ಕೋಡನ್ನು 64 ಬಿಟ್‌ಗೆ ಹದಗೊಳಿಸಿದ ಶ್ರಮ, 2003ರಲ್ಲಿ ಎಎಂಡಿಯ 64 ಬಿಟ್ ಚಿಪ್ ಬಂದಾಗ ಫಲ ಕೊಟ್ಟಿತು. ನಮ್ಮ ಪಕ್ಕದ ಐಐಟಿ ಮದ್ರಾಸಿನ ‘ಶಕ್ತಿ’ ಪ್ರೊಸೆಸರಿನ ಮೇಲೆ 2018ರಲ್ಲಿ ಲಿನಕ್ಸ್ ಓಡಿದ್ದೂ, ಬಳಕೆದಾರರ ದಂಡಿಗೆ ಕಾಯದೆ ರಿಸ್ಕ್-ವಿಗೆ ಕೆಲಸ ಮಾಡಿದವರಿದ್ದುದರಿಂದ.

ಕೊನೆಯದು, ಒಮ್ಮೆ ಸೇರಿಸಿದರೆ ಈ ಹೊರೆ ಶಾಶ್ವತ ಎಂಬ ಭಯ. ಯಾರು ಹೇಳಿದರು? ಲಿನಕ್ಸ್ ಕರ್ನಲ್ 6.7ರಲ್ಲಿ ಇಟಾನಿಯಂ ಚಿಪ್ಪಿನ ಬೆಂಬಲ ಹೋಯಿತು. ಲಿನಕ್ಸ್ ಹುಟ್ಟಿದ 386ಅನ್ನೇ 2012ರಲ್ಲಿ ಕಿತ್ತುಹಾಕಿದರು. ನೋಡಿಕೊಳ್ಳುವವರು ಇಲ್ಲದಾದರೆ ರಿಸ್ಕ್-ವಿಯನ್ನೂ ತೆಗೆಯಲಿ, ನನ್ನ ಅಡ್ಡಿಯಿಲ್ಲ. ಸದ್ಯಕ್ಕಂತೂ 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರಲ್ಲಿ ರಿಸ್ಕ್-ವಿಗೆ ಇನ್‌ಸ್ಟಾಲರ್ ಇದೆ. 32 ಬಿಟ್ ಇಂಟೆಲ್‌ಗೆ ಇಲ್ಲ.